ಟಿಪ್ಪರ್‌ಗಳಿಗೆ ನೆಟ್‌ವರ್ಕ್ ಕೊಡಲು ಹೋಗಿ ನಾನು ಎಡವಿದ್ದು

ಮೊಬೈಲ್ ಸಿಗ್ನಲ್ ಸುಳಿಯದ ಕಲ್ಲು ಕ್ವಾರಿ. ಒಳಗೆ ಓಡಾಡುವ ಟಿಪ್ಪರ್‌ಗಳ ಜಿಪಿಎಸ್, ಲೋಡಿನ ಲೆಕ್ಕ, ಕ್ಯಾಮೆರಾ ಎಲ್ಲವೂ ಆಫೀಸಿಗೆ ಬರಬೇಕಿತ್ತು. ಅಂಚಿನಲ್ಲಿ ಕಂಬ ನೆಟ್ಟು, ಗೇನ್ ಹೆಚ್ಚಿದ್ದಷ್ಟೂ ಒಳ್ಳೆಯದೆಂದು 12 ಡಿಬಿಐ (ಗೇನ್ ಅಳೆಯುವ ಮಾನ) ಆಮ್ನಿ ಆಂಟೆನಾ, ಅಂದರೆ ಸುತ್ತ ಎಲ್ಲ ದಿಕ್ಕಿಗೂ ಸಿಗ್ನಲ್ ಹರಡುವಂಥದ್ದು, ಕಟ್ಟಿದೆ. ಎರಡು ಕಿಲೋಮೀಟರ್ ಆಚೆ ನಿಂತ ಜೀಪಿಗೆ ಭರ್ಜರಿ ಸಿಗ್ನಲ್. 300 ಮೀಟರ್‌ನಲ್ಲೇ, ಗುಂಡಿಯ ತಳದಲ್ಲಿದ್ದ ಟಿಪ್ಪರ್ ಮಾತ್ರ ಮೂಕ.

ಗೇನ್ ಎಂದರೆ ಹೊಸ ಶಕ್ತಿಯಲ್ಲ, ಇದ್ದುದನ್ನೇ ಚಪ್ಪಟೆಯಾಗಿ ಹರಡುವುದು. ಆ ಆಂಟೆನಾದ ಕಿರಣ ಮೇಲೆ ಕೆಳಗೆ ಸೇರಿ ಸುಮಾರು 7 ಡಿಗ್ರಿ. 300 ಮೀಟರ್‌ನಲ್ಲಿ ಅದು ಕೆಳಗಿಳಿಯುವುದು ಬರೀ 18 ಮೀಟರ್. ನಮ್ಮ ಗುಂಡಿ 60 ಮೀಟರ್ ಆಳ! ಪವರ್ ಏರಿಸಿಯೂ ನೋಡಿದೆ. ಕಂಬದ ಕೂಗು ಟಿಪ್ಪರ್‌ಗೆ ಕೇಳಿಸಿತು, ಅದರ ಸಣ್ಣ ರೇಡಿಯೋದ ಉತ್ತರ ಹಿಂದಿರುಗಲಿಲ್ಲ.

ಕೊನೆಗೆ ಸೋಲಾರ್ ಪ್ಯಾನೆಲ್, ಬ್ಯಾಟರಿ ಹೊತ್ತ ಎರಡು ಟ್ರೇಲರ್‌ಗಳನ್ನು ಎದುರುಬದುರು ನಿಲ್ಲಿಸಿ, ಒಂದೇ ಕಡೆಗೆ ಸಿಗ್ನಲ್ ಬೀರುವ ಸೆಕ್ಟರ್ ಆಂಟೆನಾಗಳನ್ನು ಗುಂಡಿಯತ್ತ ಬಾಗಿಸಿದೆ. ವಾಹನದ ಮೇಲೆ 5 ಡಿಬಿಐ ಸಾಕಾಯಿತು. ಇಳಿಜಾರಿನಲ್ಲಿ ಗಾಡಿ ವಾಲಿದಾಗ ಅಗಲ ಕಿರಣವೇ ಕೈಹಿಡಿಯುವುದು.

ಟ್ರೇಲರ್‌ಗಳನ್ನು ಬೆಸೆದ 5.8 ಗಿಗಾಹರ್ಟ್ಸ್ ಲಿಂಕ್ ದಿನೇ ದಿನೇ ಸೊರಗಿದ್ದು ಬೇರೆ ಕತೆ. ಎದುರಿನ ಡಿಶ್ ಕಣ್ಣಿಗೆ ಕಾಣುತ್ತಲೇ ಇತ್ತು. ಆದರೆ ಒಂದು ಕಿಲೋಮೀಟರಿನ ನಡುಮಧ್ಯದಲ್ಲಿ ಫ್ರೆನೆಲ್ ವಲಯದ, ಅಂದರೆ ನೇರ ಗೆರೆಯ ಸುತ್ತ ತರಂಗಕ್ಕೆ ಬೇಕಾದ ಜಾಗದ, ತ್ರಿಜ್ಯ 3.6 ಮೀಟರ್, ಅದರಲ್ಲಿ ಶೇ. 60ರಷ್ಟಾದರೂ ಖಾಲಿ ಇರಬೇಕು. ಕೆಳಗೆ ಜಲ್ಲಿ ರಾಶಿ ಬೆಳೆಯುತ್ತಿತ್ತು.

ಅತಿ ಹೆಚ್ಚು ಸತಾಯಿಸಿದ್ದು ರೋಮಿಂಗ್, ಅಂದರೆ ಓಡುವ ಟಿಪ್ಪರ್ ಒಂದು ಟ್ರೇಲರ್‌ನ ಸಿಗ್ನಲ್ ಬಿಟ್ಟು ಇನ್ನೊಂದರದ್ದನ್ನು ಹಿಡಿಯುವುದು. ಹೊಸ ಟ್ರೇಲರ್ ಪಕ್ಕದಲ್ಲೇ ಇದ್ದರೂ ಟಿಪ್ಪರ್ ಹಳೆಯದಕ್ಕೇ ಜೋತುಬಿದ್ದಿರುತ್ತಿತ್ತು. ಡ್ರೈವರ್ ಪಕ್ಕ ಕೂತು, ಪಿಂಗ್ (ಸಂಪರ್ಕ ಇದೆಯೇ ಎಂದು ಮತ್ತೆ ಮತ್ತೆ ಕೇಳುವ ಪರೀಕ್ಷೆ) ಓಡಿಸುತ್ತ, ಸುತ್ತಿನ ಮೇಲೆ ಸುತ್ತು ಹೊಡೆದು, ಸಂಪರ್ಕ ಕಡಿದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಹಾಕಿದೆ. ಸಿಗ್ನಲ್ ಮೈನಸ್ 72 ಡಿಬಿಎಂಗಿಂತ (ಸಿಗ್ನಲ್‌ನ ಬಲ ಅಳೆಯುವ ಮಾನ) ಇಳಿದೊಡನೆ ಬೇರೆಯದನ್ನು ಹುಡುಕುವಂತೆ, ಅದೂ ನಾವು ಬಳಸುವ ಎರಡೇ ಚಾನೆಲ್‌ಗಳಲ್ಲಿ ಹುಡುಕುವಂತೆ ಸೆಟ್ ಮಾಡಿದ ಮೇಲೆ ಕ್ಯಾಮೆರಾ ಚಿತ್ರ ನಿಲ್ಲುವುದು ತಪ್ಪಿತು. ಟಿಪ್ಪರ್‌ನ ವೇಗ ಅಡ್ಡಿಯೇ ಆಗಿರಲಿಲ್ಲ.

ಉಳಿದದ್ದು ಚಿಲ್ಲರೆ ಕಾಟ. ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು ರೇಡಿಯೋ ರೀಬೂಟ್ ಆಗುತ್ತಿತ್ತು. 9ರಿಂದ 36 ವೋಲ್ಟ್ ತಡೆಯುವ ಕನ್ವರ್ಟರ್ ಹಾಕಿದೆ. ಅದುರಿ ಸಡಿಲವಾಗುವ ನೆಟ್‌ವರ್ಕ್ ಪ್ಲಗ್ ಕಿತ್ತು, ತಿರುಪಿನ ಎಂ12 ಕನೆಕ್ಟರ್ ಕೂರಿಸಿದೆ.

ಬ್ಲಾಸ್ಟಿಂಗ್ ಇರುವ ದಿನ ಟ್ರೇಲರ್ ಸರಿಸುವ ಮುನ್ನ ಬ್ಲಾಸ್ಟರ್‌ನನ್ನು ಕೇಳದೆ ಸ್ವಿಚ್ ಮುಟ್ಟುವುದಿಲ್ಲ. ವಿದ್ಯುತ್ ಡಿಟೋನೇಟರ್‌ಗಳ ಹತ್ತಿರ ರೇಡಿಯೋ ತರಂಗ ಅಪಾಯ. ಎಷ್ಟು ದೂರ ಬಿಡಬೇಕೆಂದು ಹೇಳಬೇಕಾದವನು ಅವನು, ನಾನಲ್ಲ.