ಪಿಕಪ್ಪಿನ ಅರ್ತಿಂಗು, ಚಾರ್ಜಿಂಗ್ ವೈರು ದಪ್ಪ ಮಾಡೋದು: ಹೊಸ ಬ್ಯಾಟ್ರಿಗೆ ದುಡ್ಡು ಸುರಿಯೋ ಮುಂಚೆ ಓದಿ

ಜೂನ್ ಬಂತು ಅಂದ್ರೆ ನಮ್ಮ ಕಡೆ ಪಿಕಪ್ಪುಗಳದ್ದು ಒಂದೇ ಗೋಳು, ಹೆಡ್‌ಲೈಟ್ ಮಂಕು, ವೈಪರ್ ಎಳೆಯೋಕೆ ಆಗಲ್ಲ, ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಟಕ್ ಟಕ್ ಅನ್ನುತ್ತೆ ಅಷ್ಟೇ. ಜನ ಸೀದಾ ಬ್ಯಾಟ್ರಿ ಅಂಗಡಿಗೆ ಹೋಗ್ತಾರೆ, ಹೊಸದು ಹಾಕಿಸ್ತಾರೆ, ಸ್ವಲ್ಪ ದಿನ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಅದೇ ರಾಗ, ಆಗ ಡೈನಮೋ (ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರ್) ಬಿಚ್ಚಿಸ್ತಾರೆ. ಬ್ಯಾಟ್ರಿನೂ ಸರಿ ಇದೆ ಡೈನಮೋನೂ ಸರಿ ಇದೆ, ಆದ್ರೆ ಇವೆರಡರ ಮಧ್ಯ ಇರೋ ವೈರು ಮತ್ತೆ ಅರ್ತಿಂಗು ಹಾಳಾಗಿದೆ ಅನ್ನೋ ಗಾಡಿಗಳು ಬೇಜಾನ್ ಇವೆ. ಅದನ್ನ ಮನೇಲೇ ಅಳೆದು ನೋಡಿ, ಬೇಕಾದ ಕಡೆ ದಪ್ಪ ವೈರ್ ಎಳೆಯೋದು ಹೇಗೆ ಅಂತ ಇಲ್ಲಿ ಹೇಳ್ತೀನಿ. ಇದು 12 ವೋಲ್ಟಿನ ಪಿಕಪ್ಪು, ಜೀಪು, ಸಣ್ಣ ಲಾರಿಗಳಿಗೆ, 24 ವೋಲ್ಟಿನ ದೊಡ್ಡ ಲಾರಿ ವಿಷಯ ಕೊನೇಲಿ ಇದೆ.

ಮೊದಲು ಅರ್ತಿಂಗ್, ಅಂದ್ರೆ ಚಾಸಿ ಮೂಲಕ ಬ್ಯಾಟ್ರಿ ಮೈನಸ್ಸಿಗೆ ಕರೆಂಟ್ ವಾಪಸ್ ಹೋಗೋ ದಾರಿ, ಯಾಕೆ ಅಷ್ಟು ಮುಖ್ಯ ಅಂತ ನೋಡಿ. ಪ್ಲಸ್ ವೈರಲ್ಲಿ ಎಷ್ಟು ಕರೆಂಟ್ ಹೋಗುತ್ತೋ ಅಷ್ಟೂ ಮೈನಸ್ಸಲ್ಲಿ ವಾಪಸ್ ಬರಲೇಬೇಕು. ಇಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಲ್ಲಿ ಕರೆಂಟ್ ಹೋಗಲ್ಲ, ಹಾಗಾಗಿ ಇಂಜಿನ್ನಿಂದ ಚಾಸಿಗೆ ಹೆಣೆದಿರೋ ಒಂದು ಪಟ್ಟಿನೋ ಒಂದು ಕಪ್ಪು ವೈರೋ ಕೊಟ್ಟಿರ್ತಾರೆ. ಅದು ತುಕ್ಕು ಹಿಡಿದು ಅರ್ಧ ಎಳೆ ಉದುರಿದ್ರೂ ಯಾರಿಗೂ ಗೊತ್ತಾಗಲ್ಲ, ಕೆಳಗಡೆ ಮಣ್ಣು ಗ್ರೀಸು ಮೆತ್ಕೊಂಡು ಕೂತಿರುತ್ತೆ. ಅದು ಪೂರ್ತಿ ಕಡಿದೋದ್ರೆ ಕರೆಂಟು ಬೇರೆ ದಾರಿ ಹುಡುಕುತ್ತೆ, ಕ್ಲಚ್ ಕೇಬಲ್ಲು, ಎಕ್ಸಲರೇಟರ್ ಕೇಬಲ್ಲು, ಗೇರ್ ಕೇಬಲ್ಲು ಇವುಗಳ ಮೂಲಕ ಹೋಗೋಕೆ ಶುರು ಮಾಡುತ್ತೆ. ಸೆಲ್ಫ್ ಹೊಡೆದಾಗ ಯಾವುದಾದ್ರೂ ಕೇಬಲ್ ಬಿಸಿ ಆಗ್ತಿದೆ, ಹೊಗೆ ಬರ್ತಿದೆ ಅಂದ್ರೆ ಇದೇ ಕಾಯಿಲೆ, ಬೇರೆ ಹುಡುಕೋದೇ ಬೇಡ. ಬ್ರೇಕ್ ತುಳಿದ್ರೆ ಇಂಡಿಕೇಟರ್ ಮಿಣಕ್ ಅನ್ನೋದು, ಹಿಂದಿನ ಲೈಟು ಮಂಕಾಗೋದು, ಅದೂ ಅರ್ತಿಂಗೇ, ಆದ್ರೆ ಅದು ಹಿಂದುಗಡೆ ಬಾಡಿದು.

ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರ ಕಡೆ ಗಾಡಿಗಳಿಗೆ ಇದು ಇನ್ನೂ ಬೇಗ ಬರುತ್ತೆ. ಮಳೆ ಒಂದೇ ಕಾರಣ ಅಲ್ಲ, ನಾವು ಹೇರೋ ಲೋಡು ಹಂಗಿದೆ. ಎಸ್ಟೇಟಿಗೆ ಪೊಟ್ಯಾಶ್ ಮೂಟೆ ಹೊಡೀತೀವಿ, ಅದು ಒಂಥರಾ ಉಪ್ಪೇ, ನೀರು ಬಿದ್ರೆ ಕಬ್ಬಿಣ ತಿನ್ನುತ್ತೆ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಮೈಲುತುತ್ತದ ನೀರು ಡ್ರಮ್ಮಲ್ಲಿ ತಗೊಂಡು ಹೋಗ್ತೀವಿ, ಸುಣ್ಣ ಸೇರಿಸೋ ಮುಂಚೆ ಆ ನೀರು ಚಾಸಿ ಮೇಲೆ ಚೆಲ್ಲಿದ್ರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ಕೆಂಪಗೆ ತಾಮ್ರ ಕೂರುತ್ತೆ, ಬೇಕಾದ್ರೆ ಒಂದು ಮೊಳೆ ಅದ್ದಿ ನೋಡಿ. ಅರ್ತಿಂಗ್ ಬೋಲ್ಟ್ ಇರೋ ಜಾಗಕ್ಕೆ ಇದು ಇಳಿದ್ರೆ ಮುಗೀತು.

ಸರಿ, ಈಗ ಅಳೆಯೋದು. ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಎಲ್ಲರೂ ಮಾಡೋ ಕೆಲಸ ಏನಂದ್ರೆ ಓಮ್ಸಲ್ಲಿ ಇಟ್ಟು ಅಥವಾ ಬೀಪ್ ಶಬ್ದ ನೋಡಿ ವೈರ್ ಓಕೆ ಅಂತಾರೆ. ಅದರಿಂದ ಉಪಯೋಗ ಇಲ್ಲ ಸಾರ್, ಮೀಟರಿನ ಕಡ್ಡಿಗಳದ್ದೇ 0.1 - 0.2 ಓಮ್ ಇರುತ್ತೆ, ನಮಗೆ ತೊಂದರೆ ಕೊಡೋದು 0.01 ಓಮ್. ಅಷ್ಟು ಸಣ್ಣದು ಏನ್ ಮಾಡುತ್ತೆ ಅಂದ್ಕೋಬೇಡಿ, ಸೆಲ್ಫ್ ಮೋಟರ್ 200 ಆಂಪ್ ಎಳೆದ್ರೆ ಆ 0.01 ಓಮಿನ ಜಾಯಿಂಟಲ್ಲೇ 2 ವೋಲ್ಟ್ ಹೋಯ್ತು, 400 ವಾಟ್ ಬರೀ ಬಿಸಿ ಆಗಿ ಹೋಯ್ತು. ಒಂದೇ ಒಂದು ಎಳೆ ಉಳಿದಿರೋ ವೈರೂ ಬೀಪ್ ಅನ್ನುತ್ತೆ. ಆದ್ದರಿಂದ ಕರೆಂಟ್ ಹರೀತಿರುವಾಗಲೇ ವೋಲ್ಟ್ ಅಳೀಬೇಕು.

ರಾತ್ರಿ ಪೂರ್ತಿ ನಿಂತ ಗಾಡೀಲಿ ಬ್ಯಾಟ್ರಿ 12.6 ಹತ್ರ ಇರಬೇಕು, 12.2 ಇದ್ರೆ ಅರ್ಧ ಖಾಲಿ ಅಂತ ಲೆಕ್ಕ, ಮೊದಲು ಚಾರ್ಜಿಗೆ ಹಾಕಿ ಆಮೇಲೆ ಮಿಕ್ಕಿದ್ದು. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ಹೆಡ್‌ಲೈಟು, ಬ್ಲೋವರ್, ವೈಪರ್ ಎಲ್ಲಾ ಆನ್ ಮಾಡಿ, ಒಬ್ಬರು ಎಕ್ಸಲರೇಟರ್ ಸ್ವಲ್ಪ ತುಳಿದು ಇಟ್ಕೊಳ್ಳಲಿ. ಮೀಟರ್ 20 ವೋಲ್ಟ್ ಡಿಸಿಲಿ ಇಟ್ಟು ಒಂದು ಕಡ್ಡಿ ಡೈನಮೋದ ದಪ್ಪ ಬೋಲ್ಟಿಗೆ, ಇನ್ನೊಂದು ಬ್ಯಾಟ್ರಿ ಪ್ಲಸ್ಸಿಗೆ. ಕ್ಲಾಂಪಿಗಲ್ಲ, ಮಧ್ಯದ ಸೀಸದ ಗೂಟಕ್ಕೇ ಒತ್ತಿ ಹಿಡೀಬೇಕು, ಯಾಕಂದ್ರೆ ಎಷ್ಟೋ ಸಲ ಕ್ಲಾಂಪ್ ಮತ್ತೆ ಗೂಟದ ಮಧ್ಯದಲ್ಲೇ ವೋಲ್ಟ್ ಬಿದ್ದಿರುತ್ತೆ. 0.2 ಒಳಗೆ ಇದ್ರೆ ಚೆನ್ನಾಗಿದೆ, 0.3 ದಾಟಿದ್ರೆ ಚಾರ್ಜಿಂಗ್ ವೈರ್ ಅಥವಾ ಅದರ ಜಾಯಿಂಟ್ ಸರಿ ಇಲ್ಲ. ಅದೇ ಥರ ಡೈನಮೋ ಬಾಡಿಯಿಂದ ಬ್ಯಾಟ್ರಿ ಮೈನಸ್ ಗೂಟಕ್ಕೆ ನೋಡಿ, ಇಲ್ಲಿ 0.1 ಹತ್ರ ಇರಬೇಕು. ಕೊನೆಗೆ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಸೆಲ್ಫ್ ಹೊಡೀವಾಗ ಇಂಜಿನ್ ಬ್ಲಾಕಿನ ಬರೀ ಲೋಹದಿಂದ ಮೈನಸ್ ಗೂಟಕ್ಕೆ ನೋಡಿ. ಇಲ್ಲಿ ಅರ್ಧ ವೋಲ್ಟು ಒಂದು ವೋಲ್ಟು ಬಂತು ಅಂದ್ರೆ ನಿಮ್ಮ ಕಳ್ಳ ಸಿಕ್ಕಿದ ಹಾಗೆ. ಎಲ್ಲಾ ರೀಡಿಂಗ್ ಒಂದು ಚೀಟೀಲಿ ಬರ್ಕೊಳ್ಳಿ, ಕೆಲಸ ಮುಗಿದ ಮೇಲೆ ಹೋಲಿಸೋಕೆ ಬೇಕು.

ರೀಡಿಂಗ್ ಎಲ್ಲಾ ಸರಿ ಇದ್ರೆ ದಯವಿಟ್ಟು ಏನೂ ಮಾಡೋಕೆ ಹೋಗ್ಬೇಡಿ. ವೈರ್ ದಪ್ಪ ಮಾಡಿದ ಮಾತ್ರಕ್ಕೆ ಮೈಲೇಜ್ ಜಾಸ್ತಿ ಆಗುತ್ತೆ, ಗಾಡಿ ಎಳೆತ ಜಾಸ್ತಿ ಆಗುತ್ತೆ ಅನ್ನೋದೆಲ್ಲಾ ಬುರುಡೆ.

ವೈರ್ ತಗೊಳ್ಳೋದ್ರಲ್ಲಿ ಅರ್ಧ ಕೆಲಸ ಇದೆ. ಮನೆ ವೈರಿಂಗಿಗೆ ಹಾಕೋ ದಪ್ಪ ಎಳೆ ವೈರ್ ಬೇಡ, ಇಂಜಿನ್ ಅಲುಗಾಟಕ್ಕೆ ತುಂಡಾಗುತ್ತೆ. ಕೂದಲಿನ ಥರ ಸಣ್ಣ ಎಳೆ ಇರೋ ತಾಮ್ರದ ವೆಲ್ಡಿಂಗ್ ಕೇಬಲ್ ಬೆಸ್ಟು, ಹಾಸನದಲ್ಲಾಗಲಿ ಚಿಕ್ಕಮಗಳೂರಲ್ಲಾಗಲಿ ವೆಲ್ಡಿಂಗ್ ಸಾಮಾನು ಮಾರೋರ ಹತ್ರ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಎಚ್‌ಒಎಫ್‌ಆರ್ ಅಂತ ಕೇಳಿ, ಅದರ ರಬ್ಬರು ಬಿಸಿ, ಆಯಿಲ್ ಎರಡನ್ನೂ ತಡೆಯುತ್ತೆ. ಅಲ್ಯೂಮಿನಿಯಂದೂ ಅದೇ ಅಂಗಡೀಲಿ ಇರುತ್ತೆ, ರೇಟ್ ಕಮ್ಮಿ, ನೋಡೋಕೆ ಒಂದೇ ಥರ, ಇನ್ನೂ ಕೆಲವು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟಿರೋದು. ಒಂದು ಎಳೆ ಎಳೆದು ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಾಣ್ತು ಅಂದ್ರೆ ವಾಪಸ್ ಕೊಡಿ. ಕಾರ್ ಆಡಿಯೋ ಆಂಪ್ಲಿಫೈಯರ್ ಕಿಟ್ಟುಗಳಲ್ಲಿ ಬರೋ ಅಗ್ಗದ ಕೆಂಪು ವೈರು ಎಷ್ಟೋ ಸಲ ಇಂಥದ್ದೇ.

ದಪ್ಪ ಎಷ್ಟು ಬೇಕು ಅಂತ ಲೆಕ್ಕ ಹಾಕೋದು ಸುಲಭ. 1 ಸ್ಕ್ವೇರ್ ಎಂಎಂ ತಾಮ್ರ 1 ಮೀಟರಿಗೆ ಸುಮಾರು 0.0172 ಓಮ್. 3 ಮೀಟರ್ ಉದ್ದ 16 ಸ್ಕ್ವೇರ್ ವೈರಲ್ಲಿ 70 ಆಂಪ್ ಹೋದ್ರೆ 0.23 ವೋಲ್ಟ್ ಬೀಳುತ್ತೆ, ಅದೇ 35 ಸ್ಕ್ವೇರ್ ಹಾಕಿದ್ರೆ 0.1. ಪಿಕಪ್ಪಿಗೆ ಚಾರ್ಜಿಂಗ್ ವೈರು 25, ಅರ್ತಿಂಗ್ ವೈರುಗಳು 35 ಹಾಕಿದ್ರೆ ಸಾಕು. ಅದಕ್ಕಿಂತ ದಪ್ಪ ಹಾಕಿ ವೈರ್ ತುದಿಗೆ ಕೂರಿಸೋ ಲಗ್ಗು ಸಣ್ಣದು ಹಾಕೋದು ಅಂದ್ರೆ ಕಾಫಿ ತೋಟದ ಸ್ಪ್ರಿಂಕ್ಲರ್ ಲೈನಿಗೆ ಮಧ್ಯದಲ್ಲಿ ಹೂಕುಂಡದ ಪೈಪು ಸಿಕ್ಕಿಸಿದ ಹಾಗೆ, ಉಪಯೋಗ ಇಲ್ಲ.

ಲಗ್ಗು ಅಂದ್ರೆ ನಮ್ಮ ವೈರಿಂಗಿನೋರು ತಿಂಬಲ್ ಅಂತಾರಲ್ಲ ಅದು. ತವರದ ಲೇಪ ಇರೋ ತಾಮ್ರದ ಲಗ್ ತಗೊಳ್ಳಿ, ಕೇಬಲ್ ಅಳತೆ ಮತ್ತೆ ಬೋಲ್ಟಿನ ತೂತಿನ ಅಳತೆ ಎರಡೂ ಹೇಳಿ. ಸುತ್ತಿಗೇಲಿ ಹೊಡೆದು ಚಪ್ಪಟೆ ಮಾಡೋದು, ಬರೀ ಸೋಲ್ಡರ್ ಸುರಿಯೋದು ಎರಡೂ ಬೇಡ. ಸೋಲ್ಡರ್ ಎಳೆಗಳ ಒಳಗೆ ಏರಿ ವೈರ್ ಗಟ್ಟಿ ಆಗುತ್ತೆ, ಆಮೇಲೆ ಅಲುಗಾಡಿ ಅಲುಗಾಡಿ ಸರಿಯಾಗಿ ಆ ಗಟ್ಟಿ ಮುಗಿಯೋ ಜಾಗದಲ್ಲೇ ಮುರಿಯುತ್ತೆ. ಹೈಡ್ರಾಲಿಕ್ ಕ್ರಿಂಪಿಂಗ್ ಟೂಲಲ್ಲಿ ಒತ್ತಿಸಬೇಕು. ಅದನ್ನ ಇದೊಂದಕ್ಕೆ ಕೊಂಡ್ಕೋಬೇಕಾಗಿಲ್ಲ, ಪಂಪ್‌ಸೆಟ್ ಪ್ಯಾನಲ್ ಬೋರ್ಡ್ ಕೆಲಸ ಮಾಡೋ ಎಲೆಕ್ಟ್ರಿಷಿಯನ್ ಹತ್ರ ಇರುತ್ತೆ, ಅಳತೆ ತಗೊಂಡು ವೈರ್ ಕಟ್ ಮಾಡ್ಕೊಂಡು ಹೋಗಿ ಕೇಳಿದ್ರೆ ಒತ್ತಿ ಕೊಡ್ತಾರೆ. ಒತ್ತಿದ ಮೇಲೆ ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿ, ಅಂಟು ಅಂಚಲ್ಲಿ ಹೊರಗೆ ಉಕ್ಕಬೇಕು, ಆಗ ನೀರು ಒಳಗೆ ಹೋಗಲ್ಲ. ಬರೀ ಇನ್ಸುಲೇಷನ್ ಟೇಪ್ ಸುತ್ತಿದ್ರೆ ಚಾರ್ಮಾಡಿ ಮಳೇಲಿ ಒಂದು ಸೀಸನ್ನೂ ತಡೆಯಲ್ಲ.

ಕೆಲಸ ಶುರು ಮಾಡೋ ಮುಂಚೆ ಕೀ ತೆಗೆದು ಸ್ವಲ್ಪ ಹೊತ್ತು ಬಿಡಿ, ಉಂಗುರ, ಕಡಗ, ವಾಚು ತೆಗೀರಿ. ಬ್ಯಾಟ್ರಿ ಮೈನಸ್ ಮೊದಲು ಬಿಚ್ಚಬೇಕು, ಕೊನೇಲಿ ಹಾಕಬೇಕು. ಡೈನಮೋದ ದಪ್ಪ ಬೋಲ್ಟಿಗೆ ಕೀ ಆಫ್ ಇದ್ರೂ ಬ್ಯಾಟ್ರಿ ಕರೆಂಟ್ ಬರ್ತಾನೇ ಇರುತ್ತೆ, ಮೈನಸ್ ಬಿಚ್ಚದೆ ಅಲ್ಲಿ ಸ್ಪ್ಯಾನರ್ ಹಾಕಿ ಅದು ಇಂಜಿನ್ನಿಗೆ ತಾಗಿದ್ರೆ ಕಿಡಿ ಅಲ್ಲ, ಸ್ಪ್ಯಾನರ್ರೇ ವೆಲ್ಡಿಂಗ್ ಆಗೋಗುತ್ತೆ. ಇನ್ನೊಂದು, ಇಂಜಿನ್ ಓಡ್ತಿರುವಾಗ ಬ್ಯಾಟ್ರಿ ವೈರ್ ಕಿತ್ತು ಡೈನಮೋ ಚೆಕ್ ಮಾಡೋ ಹಳೇ ಅಭ್ಯಾಸ ಇದ್ಯಲ್ಲ, ಈಗಿನ ಗಾಡೀಲಿ ಅದನ್ನ ಮಾಡಿದ್ರೆ ವೋಲ್ಟೇಜ್ ಒಮ್ಮೆಗೇ ಎಗರಿ ಡೈನಮೋದ ಡಯೋಡೋ ಗಾಡಿಯ ಕಂಪ್ಯೂಟರ್ ಆದ ಇಸಿಯುನೋ ಹೋಗಬಹುದು.

ಹಾಕಬೇಕಾಗಿರೋದು ಮೂರು ವೈರು: ಬ್ಯಾಟ್ರಿ ಮೈನಸ್ಸಿಂದ ಚಾಸಿಗೆ, ಇಂಜಿನ್ ಬ್ಲಾಕಿಂದ ಚಾಸಿಗೆ, ಡೈನಮೋ ಪ್ಲಸ್ಸಿಂದ ಬ್ಯಾಟ್ರಿ ಪ್ಲಸ್ಸಿಗೆ. ಕಂಪನಿ ವೈರ್ ಯಾವುದನ್ನೂ ಕಿತ್ತು ಬಿಸಾಕ್ಬೇಡಿ, ಅದು ಇದ್ದ ಹಾಗೇ ಇರಲಿ, ಹೊಸದು ಅದರ ಜೊತೆಗೆ ಇನ್ನೊಂದು ದಾರಿ ಅಷ್ಟೇ. ಹಳೇ ಕ್ಲಾಂಪಲ್ಲಿ ಬಿಳಿ ಹಸಿರು ಬೂಷ್ಟು ಕೂತಿದ್ರೆ ಅಡುಗೆ ಸೋಡಾ ನೀರು ಹಾಕಿ ಹಳೇ ಬ್ರಷ್ಷಲ್ಲಿ ಉಜ್ಜಿ ತೊಳೀರಿ, ಸೋಡಾ ನೀರು ಬ್ಯಾಟ್ರಿ ಮುಚ್ಚಳದ ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ.

ಚಾಸಿ ಮೇಲೆ ಅರ್ತಿಂಗ್ ಕೂರಿಸೋ ಜಾಗನೇ ಇಡೀ ಕೆಲಸದ ಜೀವ, ಇಲ್ಲಿ ಅವಸರ ಬೇಡ. ಈಗಾಗಲೇ ಗಟ್ಟಿ ಬೋಲ್ಟ್ ಇರೋ ಜಾಗ ನೋಡ್ಕೊಳ್ಳಿ, ಬ್ರೇಕ್ ಪೈಪು ಡೀಸಲ್ ಪೈಪು ಹಿಡಿದಿರೋ ಬೋಲ್ಟು ಮಾತ್ರ ಬೇಡ. ಲಗ್ ಅಗಲದಷ್ಟು ಜಾಗದಲ್ಲಿ ಪೇಂಟು, ತುಕ್ಕು, ಅಂಡರ್‌ಕೋಟಿಂಗ್ ಎಲ್ಲಾ ವೈರ್ ಬ್ರಷ್ಷು, ಎಮರಿ ಹಾಕಿ ಉಜ್ಜಿ ಫಳಫಳ ಅನ್ನಿಸಬೇಕು. ಲಗ್ಗು ನೇರವಾಗಿ ಲೋಹಕ್ಕೆ ಕೂರಬೇಕು, ವಾಷರ್ ಅದರ ಮೇಲೆ, ಎಷ್ಟೋ ಜನ ವಾಷರ್ ಕೆಳಗೆ ಹಾಕ್ತಾರೆ. ಟೈಟ್ ಮಾಡಿದ ಮೇಲೆ ಮೇಲಿಂದ ಪೇಂಟೋ ಗ್ರೀಸೋ ವ್ಯಾಸಲೀನೋ ಬಳೀರಿ. ಇಂಜಿನ್ ಕಡೆ ವೈರಿಗೆ ಒಂದು ಬಾಗು ಬಿಡಿ, ಸ್ಟಾರ್ಟ್ ಆಗುವಾಗ ಇಂಜಿನ್ ಒದರುತ್ತೆ, ಬಿಗಿಯಾಗಿ ಎಳೆದು ಕಟ್ಟಿದ್ರೆ ಲಗ್ ಬುಡದಲ್ಲಿ ಕಡಿಯುತ್ತೆ.

ಚಾರ್ಜಿಂಗ್ ವೈರಿಗೆ ಫ್ಯೂಸ್ ಕಡ್ಡಾಯ. ಡೈನಮೋ ಕೊಡೋದು 70 - 90 ಆಂಪ್, ಅದರಿಂದ 25 ಸ್ಕ್ವೇರ್ ವೈರಿಗೆ ಏನೂ ಆಗಲ್ಲ, ಆದ್ರೆ ಆ ವೈರು ಎಲ್ಲಾದ್ರೂ ಉಜ್ಜಿ ಬಾಡಿಗೆ ತಾಗಿದ್ರೆ ಬ್ಯಾಟ್ರಿ ಆ ಕಡೆಯಿಂದ ನೂರಾರು ಆಂಪ್ ಸುರಿಯುತ್ತೆ, ಗಾಡಿಗೇ ಬೆಂಕಿ. ಅದಕ್ಕೇ ಫ್ಯೂಸ್ ಇರಬೇಕಾಗಿರೋದು ಬ್ಯಾಟ್ರಿ ಕಡೆ, ಪ್ಲಸ್ಸಿಂದ ಒಂದು ಗೇಣಿನ ಒಳಗೆ. ಬೋಲ್ಟ್ ಹಾಕೋ ಥರದ ಮೆಗಾ ಫ್ಯೂಸು, ಈ ಲೆಕ್ಕಕ್ಕೆ 125 ಆಂಪ್ ಸರಿ ಹೋಗುತ್ತೆ, ಮುಚ್ಚಳ ಇರೋ ಹೋಲ್ಡರ್ ತಗೊಳ್ಳಿ. ವೈರ್ ಉದ್ದಕ್ಕೂ ಫ್ಲೆಕ್ಸಿಬಲ್ ಪೈಪ್ ಹಾಕಿ, ಸೈಲೆನ್ಸರ್, ಟರ್ಬೊ, ಫ್ಯಾನ್ ಬೆಲ್ಟಿಂದ ದೂರ ಎಳೀರಿ, ಶೀಟಿನ ತೂತಲ್ಲಿ ಹೋಗೋ ಕಡೆ ರಬ್ಬರ್ ಬುಷ್ ಇರಲಿ. ಎಸ್ಟೇಟ್ ಶೆಡ್ಡಲ್ಲಿ ನಿಲ್ಲಿಸೋ ಗಾಡಿ ಆದ್ರೆ ಇಲಿಗಳೂ ಇವೆ, ಅದಕ್ಕಾದ್ರೂ ಪೈಪ್ ಹಾಕಿ.

ಬಿಎಸ್-6, ಅಂದ್ರೆ ಹೊಸ ಹೊಗೆ ನಿಯಮದ ಗಾಡಿ ಇಟ್ಕೊಂಡಿರೋರು ಸ್ವಲ್ಪ ನಿಲ್ಲಿ. ಬ್ಯಾಟ್ರಿ ಮೈನಸ್ ಕ್ಲಾಂಪಿಗೇ ಸಣ್ಣ ಡಬ್ಬಿ ಥರ ಸೆನ್ಸರ್ ಇದ್ರೆ ಹೊಸ ಅರ್ತಿಂಗ್ ವೈರನ್ನ ಗೂಟಕ್ಕೆ ಹಾಕ್ಬೇಡಿ, ಸೆನ್ಸರ್ ದಾಟಿದ ಮೇಲಿನ ಕಡೆ ಹಾಕಿ, ಇಲ್ಲಾಂದ್ರೆ ಒಳಗೆ ಹೊರಗೆ ಹೋಗೋ ಕರೆಂಟಿನ ಲೆಕ್ಕ ಅದಕ್ಕೆ ಸಿಗಲ್ಲ, ಚಾರ್ಜಿಂಗ್ ಎಡವಟ್ಟಾಗುತ್ತೆ. ಇಂಥ ಕೆಲವು ಗಾಡಿಗಳಲ್ಲಿ ಇಸಿಯುನೇ ಚಾರ್ಜಿಂಗ್ ಜಾಸ್ತಿ ಕಮ್ಮಿ ಮಾಡುತ್ತೆ, ಒಮ್ಮೊಮ್ಮೆ 13 ಕ್ಕಿಂತ ಕೆಳಗೆ ಕಂಡ್ರೂ ಅದು ರೋಗ ಅಲ್ಲ. ವಾರಂಟಿ ಇದ್ರೆ ಕಂಪನಿ ಸರ್ವಿಸಿನೋರಿಗೇ ಬಿಡಿ.

ಹಳೇ ಗಾಡೀಲಿ ಎಲ್ಲಾ ಹಾಕಿದ ಮೇಲೆ ಲೋಡಲ್ಲಿ ಬ್ಯಾಟ್ರಿ ಮೇಲೆ 13.8 ರಿಂದ 14.4 ಒಳಗೆ ಬರಬೇಕು. ಚೀಟಿ ತೆಗೆದು ಮೂರೂ ರೀಡಿಂಗ್ ಹೋಲಿಸಿ. 14.8 ದಾಟ್ತಿದ್ರೆ ಕಟೌಟ್ (ಡೈನಮೋ ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್) ಹೋಗಿದೆ, ಅದು ವೈರ್ ತಪ್ಪಲ್ಲ. ಸ್ವಲ್ಪ ದಿನ ಓಡಿಸಿದ ಮೇಲೆ ಎಲ್ಲಾ ಬೋಲ್ಟ್ ಇನ್ನೊಮ್ಮೆ ಟೈಟ್ ನೋಡಿ, ತಾಮ್ರ ಸ್ವಲ್ಪ ಕೂರುತ್ತೆ.

ಇಷ್ಟಾದ್ರೂ ಹೆಡ್‌ಲೈಟ್ ಮಂಕೇ ಅಂದ್ರೆ ವೋಲ್ಟ್ ಬೀಳ್ತಿರೋದು ಸ್ವಿಚ್ಚಲ್ಲಿ. ಹಳೇ ಗಾಡೀಲಿ ಲೈಟಿನ ಕರೆಂಟೆಲ್ಲಾ ಸ್ಟೀರಿಂಗ್ ಹತ್ರ ಬಂದು ವಾಪಸ್ ಹೋಗುತ್ತೆ. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ 10 ಕಮ್ಮಿ ಆದ್ರೆ ಬೆಳಕು ನೂರಕ್ಕೆ 30 ಹತ್ರ ಕಮ್ಮಿ ಆಗುತ್ತೆ, ಶಿರಾಡಿ ಘಾಟಿ ಮಂಜಲ್ಲಿ ಆ 30 ಎಷ್ಟು ಅಂತ ಓಡಿಸೋರಿಗೆ ಗೊತ್ತು. ಎರಡು ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಆಫ್ ಮಾಡೋ ಸ್ವಿಚ್ಚು) ಹಾಕಿ ಬ್ಯಾಟ್ರಿಯಿಂದ ಫ್ಯೂಸ್ ಮೂಲಕ ನೇರ ಸಪ್ಲೈ ಕೊಡಿಸಿ, ಜಾಸ್ತಿ ವಾಟಿನ ಬಲ್ಬ್ ಹಾಕೋದಕ್ಕಿಂತ ಅದು ಎಷ್ಟೋ ಮೇಲು. ಹಿಂದಿನ ಲೈಟಿಗೆ ಚಾಸಿಯಿಂದ ಲೈಟಿನ ಅರ್ತಿಗೆ ಒಂದು 4 ಸ್ಕ್ವೇರ್ ವೈರ್ ಸಾಕು.

ಜಾಲರಿ, ಕ್ಯಾರಿಯರ್ ವೆಲ್ಡಿಂಗ್ ಮಾಡಿಸೋರು ಒಂದು ನೆನಪಿಟ್ಕೊಳ್ಳಿ, ವೆಲ್ಡಿಂಗಿನೋರಿಗೆ ಎಲ್ಲಿ ಕಬ್ಬಿಣ ಕಂಡ್ರೆ ಅಲ್ಲಿ ಅರ್ತ್ ಕ್ಲಾಂಪ್ ಕಚ್ಚಿಸೋ ಚಾಳಿ. ಬ್ಯಾಟ್ರಿ ಮೈನಸ್ ಬಿಚ್ಚಿಸಿ, ಡೈನಮೋ ವೈರೂ ಬಿಚ್ಚಿದ್ರೆ ಒಳ್ಳೇದು, ಕ್ಲಾಂಪು ವೆಲ್ಡಿಂಗ್ ಮಾಡೋ ತುಂಡಿಗೇ ಹತ್ರ ಕಚ್ಚಬೇಕು, ಇಲ್ಲಾಂದ್ರೆ ಆ ಕರೆಂಟು ನೀವು ಹಾಕಿದ ಹೊಸ ಅರ್ತಿಂಗ್ ಮೂಲಕವೇ ಸುತ್ತಾಡುತ್ತೆ.

ಇನ್ನು ದೊಡ್ಡ ಲಾರಿಗಳು. 24 ವೋಲ್ಟಲ್ಲಿ ಅದೇ ವಾಟಿಗೆ ಕರೆಂಟು ಅರ್ಧ, ಹಾಗಾಗಿ ಚಾರ್ಜಿಂಗ್ ವೈರಲ್ಲಿ ತೊಂದರೆ ಕಮ್ಮಿ, ಚಾರ್ಜಿಂಗ್ ವೋಲ್ಟೇಜ್ 27.6 ರಿಂದ 28.8 ಒಳಗೆ ನೋಡಿ. ಅಲ್ಲಿ ಮೊದಲು ಅಳೀಬೇಕಾಗಿರೋದು ಎರಡು ಬ್ಯಾಟ್ರಿ ಮಧ್ಯ ಇರೋ ಗಿಡ್ಡ ಲಿಂಕ್ ಕೇಬಲ್ಲು. ಇನ್ನು ಸ್ಟೀರಿಯೋಗೆ ಅಂತ ಒಂದೇ ಬ್ಯಾಟ್ರಿಯಿಂದ 12 ವೋಲ್ಟ್ ಎಳೆದಿರ್ತಾರಲ್ಲ, ಅದನ್ನ ಕಿತ್ತಾಕಿ. ಆ ಬ್ಯಾಟ್ರಿ ಯಾವಾಗಲೂ ಅರ್ಧ ಹಸಿದಿರುತ್ತೆ, ಪಕ್ಕದ್ದು ಓವರ್ ಚಾರ್ಜ್ ಆಗಿ ನೀರು ಒಣಗುತ್ತೆ, ಎರಡೂ ಹಾಳು. 24 ರಿಂದ 12 ಮಾಡೋ ಕನ್ವರ್ಟರ್ ಒಂದು ಹಾಕಿ, ಹಾಡೂ ಕೇಳಬಹುದು ಬ್ಯಾಟ್ರಿನೂ ಉಳಿಯುತ್ತೆ.