ಧರ್ಮದ ಮಾತೆತ್ತದೆ ಹುಡುಗನನ್ನು ಹೊರತಂದದ್ದು: ನನ್ನ ಅನುಭವ

ಪಿಯುಸಿ ಹುಡುಗ, ಹದಿನೇಳರ ಆಸುಪಾಸು. ಒಂದು ಧಾರ್ಮಿಕ ಗುಂಪಿಗೆ ಸೇರಿ ಕಾಲೇಜು ಬಿಟ್ಟಿದ್ದ. ಲೋಕ ಮುಳುಗುತ್ತದೆ, ತಮ್ಮ ಸಭೆಯವರಷ್ಟೇ ಉಳಿಯುತ್ತಾರೆ ಎನ್ನುತ್ತಿದ್ದ. ಯಾವ ಧರ್ಮದ ಗುಂಪು ಎಂದು ಬರೆಯುವುದಿಲ್ಲ; ಆಪ್ತಸಮಾಲೋಚನೆಯಲ್ಲಿರುವವರಿಗೆ ಗೊತ್ತು, ವರಸೆ ಎಲ್ಲ ಕಡೆಯೂ ಒಂದೇ.

ಜಯನಗರದ ನನ್ನ ಕೋಣೆಗೆ ಬರುವ ಹೊತ್ತಿಗೆ ಮನೆಯವರು ಲಕ್ಷದ ಹತ್ತಿರ ಕಳೆದಿದ್ದರು. ಜ್ಯೋತಿಷಿ, ಹರಕೆ ಎಲ್ಲ ಆಗಿತ್ತು. ಊರಾಚೆಯ ಒಂದು ಕೇಂದ್ರ ಅವನನ್ನು ತಿಂಗಳು ಕೂಡಿಹಾಕಿದ್ದಕ್ಕೇ ಅರವತ್ತು ಸಾವಿರ ತೆಗೆದುಕೊಂಡಿತ್ತು. ‘ನಿನ್ನವರೇ ನಿನ್ನನ್ನು ಹಿಂಸಿಸುತ್ತಾರೆ’ ಎಂದು ಗುಂಪು ಮೊದಲೇ ಹೇಳಿಟ್ಟಿತ್ತಲ್ಲ, ಅದು ನಿಜವಾಯಿತು. ಹುಡುಗ ಇನ್ನಷ್ಟು ಬಿಗಿಯಾದ. ಇಂಥ ಗುಂಪುಗಳಿಂದ ಮಕ್ಕಳನ್ನು ಬಿಡಿಸಿಕೊಡುತ್ತೇನೆಂದು ಹೊರಟ ಅಮೆರಿಕದ ಟೆಡ್ ಪ್ಯಾಟ್ರಿಕ್ 1970ರ ದಶಕದಲ್ಲಿ ಹೀಗೆ ಎಳೆತಂದು ಕೂಡಿಹಾಕಿಯೇ ಜೈಲು ಕಂಡದ್ದು. ನಮ್ಮಲ್ಲಿ ಕೆಲವರಿಗೆ ಆ ಚಪಲ ಇನ್ನೂ ಬಿಟ್ಟಿಲ್ಲ.

ಧರ್ಮದ ಮಾತೇ ಬೇಡ ಎಂದೆ. “ಎರಡು ಬಿಟ್ಟರೆ ಸರಿಹೋಗುತ್ತಾನೆ ಮೇಡಂ” ಎಂದು ತಂದೆ ಸಿಡುಕಿದರು. ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. ರಾತ್ರಿ ಜಾಗರಣೆ, ಉಪವಾಸಗಳಲ್ಲಿ ಹುಡುಗ ಸೊರಗಿದ್ದ. ಎಷ್ಟು ಹೊತ್ತಿಗೆ ಬಂದರೂ ಬಿಸಿ ಊಟ ಹಾಕಿ, ಪ್ರಶ್ನೆ ಕೇಳಬೇಡಿ ಎಂದು ತಾಯಿಗೆ ಹೇಳಿದೆ. ಖಿನ್ನತೆ ಗುಂಪಿಗಿಂತ ಹಳೆಯದು ಎನಿಸಿ ನಿಮ್ಹಾನ್ಸ್‌ಗೆ ಕಳುಹಿಸಿದೆ. ಔಷಧಿ ಶುರುವಾದ ಮೇಲೆ ನಿದ್ದೆ ಹತ್ತಿತು. ಗುಂಪು ಬಿಟ್ಟುಬಂದವನೊಬ್ಬನನ್ನು ಭೇಟಿ ಮಾಡಿಸಿದ್ದು ಮಾತ್ರ ಪೂರ್ತಿ ನೆಲಕಚ್ಚಿತು, ಎದ್ದು ಹೋಗಿಬಿಟ್ಟ. ಎದುರುಬದುರು ಕುಳಿತರೆ ಬಾಯಿ ಬಿಡದವನು ಲಾಲ್‌ಬಾಗ್‌ನಲ್ಲಿ ಪಕ್ಕದಲ್ಲಿ ನಡೆಯುತ್ತ ಮಾತಾಡಿದ. ಸಭೆಯ ಧ್ವನಿವರ್ಧಕ ನೋಡಿಕೊಳ್ಳುವವನು ತಾನೇ ಎಂದ.

ಎಸ್.ಪಿ. ರಸ್ತೆಯಲ್ಲಿ ಪರಿಚಯದವರ ಧ್ವನಿವರ್ಧಕ ರಿಪೇರಿ ಅಂಗಡಿಗೆ ವಾರಾಂತ್ಯಕ್ಕೆ ಸೇರಿಸಿದೆ. ಬಿಡಿಭಾಗಗಳಿಗೆ ಎರಡು ಮೂರು ಸಾವಿರ ನನ್ನ ಕೈಯಿಂದಲೇ ಹೋಯಿತು. ಕೆಲವು ತಿಂಗಳ ಮೇಲೆ ಸಭೆಯಲ್ಲಿ ಹೊಸ ಆಂಪ್ಲಿಫೈಯರ್‌ಗೆಂದು ನಲವತ್ತು ಸಾವಿರದಷ್ಟು ವಂತಿಗೆ ಎತ್ತಿದರು. ಅದರ ಬೆಲೆ ಹದಿನೆಂಟು ಸಾವಿರದ ಒಳಗೆ ಎಂಬುದು ಈಗ ಅವನಿಗೆ ಬಾಯಿಪಾಠ. ಲೆಕ್ಕ ಕೇಳಿದ. ಲೆಕ್ಕ ಕೇಳುವುದೇ ಪಾಪ ಎಂದರು. ಆ ವಾರ ನಾನು ಕೇಳಿದ್ದು ಒಂದೇ ಪ್ರಶ್ನೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಗುಂಪಿನವರು ಅದಕ್ಕೂ ಉತ್ತರ ಕಲಿಸಿಬಿಡುತ್ತಾರೆ.

ಹೋಗುವುದು ತಾನಾಗಿ ನಿಂತಿತು. ಪ್ರಾರ್ಥನೆ ಇವತ್ತಿಗೂ ಮಾಡುತ್ತಾನೆ, ನನ್ನ ತಕರಾರಿಲ್ಲ. ಖಾಸಗಿಯಾಗಿ ದ್ವಿತೀಯ ಪಿಯುಸಿಗೆ ಕಟ್ಟಿದ್ದಾನೆ. ನಕ್ಕಿದ್ದ ಸಹೋದ್ಯೋಗಿ ಈಚೆಗೆ ಇಂಥವೇ ಪ್ರಕರಣಗಳನ್ನು ನನಗೆ ಕಳುಹಿಸುತ್ತಾರೆ. ತಂದೆಯೂ ಸಿಕ್ಕವರಿಗೆಲ್ಲ ನನ್ನ ನಂಬರು ಕೊಡುತ್ತಾರೆ. ಕೊನೆಯ ತಿಂಗಳುಗಳ ಶುಲ್ಕ ಮಾತ್ರ ಇನ್ನೂ ಬಂದಿಲ್ಲ.