ಖೋಲಿ ನೋಡುವ ಮೊದಲು ಸಂಪ್ ನೋಡಿ

2016ರಲ್ಲಿ ಎಂ.ಎ.ಗೆ ಹೆಸರು ಹಚ್ಚಲು ಹಿರೇಕೆರೂರು ಕಡೆಯಿಂದ ಧಾರವಾಡಕ್ಕೆ ಬಂದಾಗ, ಉಳಿಯೋದೆಲ್ಲಿ ಎಂದು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಕಾಕಾ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. "ಮಠಕ್ಕ ಹೋಗಿ ಕೇಳು" ಎಂದು ಕಳಿಸಿದ್ದರು. ನಾನು ಹೋಗುವಷ್ಟರಲ್ಲಿ ಆ ವರ್ಷದ ಹುಡುಗರು ತುಂಬಿಯಾಗಿತ್ತು. ಹಾಸ್ಟೆಲ್ ಪಟ್ಟಿ ಬರುವುದು ಪ್ರವೇಶವೆಲ್ಲ ಮುಗಿದ ಮೇಲೆ; ಕ್ಲಾಸು ಅಷ್ಟೊತ್ತಿಗೆ ಶುರುವಾಗಿರುತ್ತವೆ. ಅವಸರಕ್ಕೆ ಬಿದ್ದು ಖೋಲಿ ಹಿಡಿಯುವುದು ಈ ನಡುವಿನ ವಾರಗಳಲ್ಲೇ. ನಾನೂ ಹಾಗೇ ಹಿಡಿದೆ.

ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಪ್ತಾಪುರ, ಶ್ರೀನಗರ, ಕಲ್ಯಾಣನಗರ ಹತ್ತಿರ. ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೂ ಸೇರುವುದರಿಂದ ಬಾಡಿಗೆ ಏರು. ಅಲ್ಲಿ ಮೂವರಿಗೆ 3,000 ರೂಪಾಯಿಯ ಖೋಲಿ ಸಿಕ್ಕಾಗ ಹಿಗ್ಗಿ ಹೋದೆ. ನೀರಿನ ಮಾತೇ ಎತ್ತಲಿಲ್ಲ. ಹಳ್ಳಿಯಲ್ಲಿ ಬೋರ್‌ವೆಲ್ ನೋಡಿ ಬೆಳೆದವನಿಗೆ ನಳದ ನೀರಿಗೂ ವಾರ ನೋಡಬೇಕೆಂದು ಹೊಳೆಯಲಿಲ್ಲ. 2008ರಿಂದ ನಗರದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬರುತ್ತಿತ್ತು. ನಮ್ಮ ಓಣಿಗೆ ಐದಾರು ದಿನಕ್ಕೊಮ್ಮೆ. ಮಾಲಕರ ಸಂಪ್ ದೊಡ್ಡದೇ ಇತ್ತು, ಆದರೆ ಅದಕ್ಕೆ ಕೀಲಿ. ಒಂಬತ್ತು ಹುಡುಗರಿಗೆ ಮೇಲಿನದೊಂದು 500 ಲೀಟರಿನ ಟಾಕಿ. ಎರಡನೇ ದಿನ ಸಂಜೆಗೇ ಅದು ಖಾಲಿ. ಸೆಮಿನಾರ್ ಇದ್ದ ಬೆಳಿಗ್ಗೆ ಎರಡು ಓಣಿ ಆಚೆಯಿಂದ ಬಕೆಟ್ ಹೊತ್ತು ತಂದು ಸ್ನಾನ ಮಾಡಿದ್ದೇನೆ. ಎರಡೇ ತಿಂಗಳಿಗೆ ಬಿಟ್ಟೆ. 6,000 ಡಿಪಾಜಿಟ್‌ನಲ್ಲಿ ಸುಣ್ಣ-ಬಣ್ಣದ ಹೆಸರಲ್ಲಿ 2,500 ಹಿಡಿದುಕೊಂಡರು. ಗೋಡೆ ನಾವು ಬರುವ ಮೊದಲೇ ಹಾಗಿತ್ತು. ಹೇಳಲು ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಎರಡನೇ ಸಲ ಶ್ರೀನಗರದಲ್ಲಿ ಹುಡುಕಿದೆ. ಮನೆಯೊಡತಿ ಮಾವಶಿ ಖೋಲಿಯ ಬಾಗಿಲು ತೆಗೆಯುವ ಮೊದಲೇ ಕೇಳಿದೆ:

"ನೀರು ಎಷ್ಟು ದಿನಕ್ಕೊಮ್ಮೆ ಬರ್ತದ್ರಿ?"

"ಆರು ದಿನಕ್ಕ ತಮ್ಮಾ. ಬೋರೂ ಐತಿ."

"ಮೋಟರ್ ಬಟನ್ ಎಲ್ಲೈತ್ರಿ?"

"ಜಿನೆ ಕೆಳಗ. ಟಾಕಿ ಖಾಲಿ ಆದ್ರ ನೀವ ಹಚ್ಗೋರಿ."

ಅಷ್ಟು ಸಾಕಾಯಿತು. ಬಾಡಿಗೆ 4,500, ಮೂವರಿಗೆ ತಲಾ 1,500. ಹನ್ನೊಂದು ತಿಂಗಳ ಕರಾರುಪತ್ರ ಬರೆಸಿದೆವು. ಎಲ್ಲರೂ ಹನ್ನೊಂದೇ ತಿಂಗಳು ಬರೆಸುವುದೇಕೆಂದರೆ, ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಡಿಪಾಜಿಟ್ ಎಷ್ಟು, ಬಿಡುವಾಗ ಯಾವುದಕ್ಕೆ ಹಿಡಿಯಬಹುದು ಎಂಬುದನ್ನೂ ಅದರಲ್ಲಿ ಸೇರಿಸಿದೆವು. ಟ್ರಂಕು ಇಳಿಸುವ ಮೊದಲು ಗೋಡೆ, ನಳ, ಕಿಟಕಿಯ ಫೋಟೊ ತೆಗೆದು ಮಾವಶಿಯವರ ಮಗನಿಗೂ ಕಳಿಸಿದೆ. ಬಿಡುವಾಗ ಡಿಪಾಜಿಟ್ ಪೂರ್ತಿ ಬಂತು.

ಸರ್ಕಾರಿ ಹಾಸ್ಟೆಲ್‌ಗೂ ಅರ್ಜಿ ಹಾಕಿದ್ದೆ, ಸೀಟು ಸಿಗಲಿಲ್ಲ. ಸೀಟು ಸಿಗದ ಹಿಂದುಳಿದ ವರ್ಗದ ಹುಡುಗರಿಗೆ ವಿದ್ಯಾಸಿರಿ ಎಂಬ ಸರ್ಕಾರಿ ನೆರವು ಇದೆ ಎಂದು ಸೀನಿಯರ್ ಒಬ್ಬರು ಹೇಳಿದರು. ಆಗ ಊಟ-ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ನನ್ನ ಖಾತೆಗೆ ಅದು ಒಟ್ಟಿಗೇ ಬಿತ್ತು. ಅದನ್ನು ನಂಬಿ ತಿಂಗಳ ಬಾಡಿಗೆಯ ಲೆಕ್ಕ ಹಾಕಬೇಡಿ. ಮೊದಲ ಐದಾರು ತಿಂಗಳಿನದು ಮನೆಯಿಂದಲೇ ಹೊಂದಿಸಿಕೊಳ್ಳಿ.

ಊಟದ ಮಾತು ಬಂದರೆ ನನಗೆ ಇವತ್ತಿಗೂ ಅವ್ವನ ಬುತ್ತಿಯೇ ಕಣ್ಣ ಮುಂದೆ ಬರುತ್ತದೆ. ಮಧ್ಯಾಹ್ನ ಖಾನಾವಳಿ, ರಾತ್ರಿ ಖೋಲಿಯಲ್ಲಿ ಅನ್ನ-ಸಾರು. ಉಳಿದದ್ದು ಬುತ್ತಿ. ಹದಿನೈದು ದಿನಕ್ಕೊಮ್ಮೆ ನಮ್ಮೂರ ಕಡೆಯ ಬಸ್ಸಿನಲ್ಲಿ ಗಂಟು ಬರುತ್ತಿತ್ತು: ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಗಂಟಿನ ಮೇಲೆ ತಂಗಿಯ ಕೈಬರಹದಲ್ಲಿ ನನ್ನ ಹೆಸರು, ಮೊಬೈಲ್ ನಂಬರು. ಬಸ್‌ಸ್ಟ್ಯಾಂಡಿನಲ್ಲಿ ನನ್ನಂಥವರು ಇನ್ನೂ ಹತ್ತಾರು ಮಂದಿ ನಿಂತಿರುತ್ತಿದ್ದರು. ಕಂಡಕ್ಟರ್ ಮಾಮಾ ಒಬ್ಬೊಬ್ಬರ ಹೆಸರು ಕೂಗಿ ಕೊಡುತ್ತಿದ್ದರು. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾದರೆ ಹಂಚಿನ ಮೇಲೆ ಬೆಚ್ಚಗೆ ಮಾಡಿಕೊಂಡರೆ ಸರಿ, ಆದರೆ ಡಬ್ಬಿಯ ಮುಚ್ಚಳ ಬಿಗಿ ಇರಬೇಕು. ಒಮ್ಮೆ ಬೂಷ್ಟು ಹಿಡಿದ ಬುತ್ತಿಯನ್ನು ಚೆಲ್ಲಿದ ದಿನ ನಾನು ಅವ್ವನಿಗೆ ಫೋನ್ ಮಾಡಲಿಲ್ಲ. ಖೋಲಿ ನೋಡುವಾಗ ಗ್ಯಾಸ್ ಇಡಲು ಬಿಡುತ್ತಾರೋ ಇಲ್ಲವೋ ಕೇಳಿಕೊಳ್ಳಿ. ಬಿಡದಿದ್ದರೆ ಖಾನಾವಳಿಯ ಖರ್ಚು ಎರಡು ಹೊತ್ತಿನದಾಗುತ್ತದೆ.

ಆಮೇಲೆ ತಂಗಿಯೂ ಓದಲು ಧಾರವಾಡಕ್ಕೇ ಬಂದಳು. ಅವಳಿಗೆ ಖೋಲಿ ಬೇಡ, ಹೆಣ್ಣುಮಕ್ಕಳ ಹಾಸ್ಟೆಲ್ಲೇ ಇರಲಿ ಎಂದು ನನ್ನ ಆಸೆ. ಅವಳ ಲೆಕ್ಕ ಬೇರೆ ಇತ್ತು: ಗ್ರಂಥಾಲಯದಿಂದ ರಾತ್ರಿ ಬರುವ ದಾರಿಯಲ್ಲಿ ದೀಪ ಇದೆಯೇ, ಗೇಟು ಎಷ್ಟಕ್ಕೆ ಹಾಕುತ್ತಾರೆ. ಇವು ನನಗೆ ಹೊಳೆದೇ ಇರಲಿಲ್ಲ. ಸಂಜೆ ಏಳೂವರೆಗೆ ಆ ದಾರಿಯನ್ನು ತಾನೇ ಎರಡು ಸಲ ನಡೆದು ನೋಡಿ, ಗೆಳತಿಯೊಬ್ಬಳ ಜೊತೆ ಶ್ರೀನಗರದಲ್ಲೇ ಮನೆಯೊಂದನ್ನು ಗೊತ್ತುಮಾಡಿ ಅಲ್ಲಿಂದಲೇ ಫೋನ್ ಮಾಡಿದಳು.

"ಅಣ್ಣಾ, ನೀರು ಐದು ದಿನಕ್ಕೊಮ್ಮೆ ಅಂತ. ಆದ್ರ ಸಂಪ್ ದೊಡ್ಡದೈತಿ."

"ಕೀಲಿ ಯಾರ ಕಡೆ ಐತಿ, ಕೇಳು."

"ಕೇಳೀನಿ. ಕೀಲೀನ ಇಲ್ಲ."